ವೈನಿ ಬರೆದ ಪ್ರೋಗ್ರಾಂ

ದೀಪಾವಳಿಗೆಂದು ಸೊಲ್ಲಾಪುರದಿಂದ ತವರಿಗೆ ಬಂದ ಶ್ರದ್ಧಾ ಸಂಕ್ರಾಂತಿ ಕಳೆದರೂ ಗಂಡನ ಮನೆಗೆ ಹೊರಡುವ ಮಾತೆತ್ತಲಿಲ್ಲ. ಪಿಂಪ್ರಿ ಬಳಿಯ ವಾಕಡದ ಆ ಫ್ಲ್ಯಾಟಿನಲ್ಲಿ ಯಾರೂ ಅವಳನ್ನು ನೇರವಾಗಿ ಕೇಳಲೂ ಇಲ್ಲ. ತಾಯಿ ಶಿವಗಂಗವ್ವ ಮಾತ್ರ ಸಂಜೆ ದೇವರಿಗೆ ದೀಪ ಹಚ್ಚಿ ಬಂದು, "ಮಲ್ಲಿನಾಥಗ ಫೋನ್ ಮಾಡಿದ್ದೇನ?" ಎನ್ನುವಳು. "ಮಾಡೀನವ್ವಾ" ಎಂದು ಮಗಳು ಒಳಗೆ ಹೋಗುವಳು. ಅಳಿಯ ಮಲ್ಲಿನಾಥ ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಚಾದರದ ಅಂಗಡಿ ಚೆನ್ನಾಗಿಯೇ ನಡೆದಿತ್ತು. ಅಂಥ ಮನೆಯಿಂದ ಮಗಳು ಬಂದು ಕೂತದ್ದು ಏಕೆಂದು ಶಿವಗಂಗವ್ವನಿಗೆ ತಿಳಿಯುತ್ತಿರಲಿಲ್ಲ.

ಸೊಸೆ ಸಿಂಧೂರ, ಶ್ರದ್ಧಾಳ ವೈನಿ ಅಂದರೆ ಅತ್ತಿಗೆ, ಮೈಸೂರಿನವಳು. ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ. ವಾರದಲ್ಲಿ ಎರಡು ದಿನ ಆಫೀಸಿಗೆ ಹೋಗುವಳು, ಮಿಕ್ಕ ದಿನ ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡು ಮನೆಯಿಂದಲೇ ದುಡಿಯುವಳು. ಗಂಡ ವಿನೀತ ಚಾಕಣದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದ. ನಾದಿನಿ ಬಂದು ಇದ್ದದ್ದಕ್ಕೆ ಸಿಂಧೂರಳಿಗೆ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ ಅನುಕೂಲವೇ ಆಗಿತ್ತು. ಅತ್ತೆಗೆ ಹೆಗಲು ನೋವು. ದಿನದ ರೊಟ್ಟಿಯನ್ನೆಲ್ಲ ಶ್ರದ್ಧಾಳೇ ಬಡಿಯುತ್ತಿದ್ದಳು. ಮುದ್ದೆ ತಿರುವಿ ಬೆಳೆದ ಸಿಂಧೂರಳ ಕೈಗೆ ಜೋಳದ ಹಿಟ್ಟು ಒಗ್ಗಿರಲೇ ಇಲ್ಲ.

ಒಂದು ಮಧ್ಯಾಹ್ನ ಊಟದ ನಡುವೆ ಶ್ರದ್ಧಾ ಹೇಳಿದಳು: "ಚಿಂಚವಾಡ ಸ್ಟೇಷನ್ ಹತ್ರ ಕಂಪ್ಯೂಟರ್ ಕ್ಲಾಸ್ ಅದ. ಹೆಸರು ಹಚ್ಚಿ ಬಂದೀನಿ."

ತಾಟಿನಿಂದ ಕೈ ಎತ್ತಿದವಳು ಶಿವಗಂಗವ್ವ. "ಯಾರನ್ನ ಕೇಳಿ?"

"ಯಾರ್ನೂ ಕೇಳಿಲ್ಲ."

"ಕಲೀಲಿ ಬಿಡು," ಎಂದ ತಂದೆ ಸಿದ್ದಾರೂಢಪ್ಪ. ಪಿಂಪ್ರಿಯ ಗೇರ್ ಕಾರ್ಖಾನೆಯಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು, ಮಾತು ಕಡಿಮೆ. "ಕೂತು ಏನ ಮಾಡ್ತಾಳ?"

"ಕೂತು ಯಾಕ್ರಿ, ಅಕಿಗೆ ಅಕಿ ಮನಿ ಇಲ್ಲೇನು?" ಎಂದಳು ಶಿವಗಂಗವ್ವ.

ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದುದು ಕಂಪ್ಯೂಟರಿನಲ್ಲಿ ವಿಂಡೋ ತೆರೆದು, ಹೆಸರು ತುಂಬಿ, ಬಟನ್ ಒತ್ತಿ ಕೆಲಸ ಮಾಡುವಂಥ ಪ್ರೋಗ್ರಾಂ ಬರೆಯುವುದನ್ನು. ಭೋಸರಿ, ಚಾಕಣದ ಸಣ್ಣ ಕಾರ್ಖಾನೆಗಳ ಸ್ಟೋರುಗಳು ಇಂದಿಗೂ ಇಂಥ ಪ್ರೋಗ್ರಾಂಗಳ ಮೇಲೆ ನಡೆಯುತ್ತವೆ. ಕಲಿತವರಿಗೆ ಅಲ್ಲಿ ಕೆಲಸ ಸಿಗುತ್ತದೆ. ಕೊನೆಗೆ ಪ್ರತಿಯೊಬ್ಬರೂ ತಮ್ಮದೇ ಒಂದು ಪ್ರೋಗ್ರಾಂ ಮಾಡಿ ಪರೀಕ್ಷಕರ ಎದುರು ವಿವರಿಸಬೇಕು. ಶ್ರದ್ಧಾ ಆರಿಸಿಕೊಂಡದ್ದು ಅಪ್ಪನ ತಲೆನೋವನ್ನು. ಪಿಂಪ್ರಿಯ ಕನ್ನಡ ಸಂಘದ ಹಂಡೆ, ಪರಾತ, ಜಮಖಾನೆಗಳ ಉಸ್ತುವಾರಿ ಸಿದ್ದಾರೂಢಪ್ಪನದು. ಮದುವೆಗೆ, ತೊಟ್ಟಿಲಿಗೆ ಒಯ್ದವರು ಯಾರು, ತಿರುಗಿ ತಂದವರು ಯಾರು ಎಂಬುದು ಅವನಿಗೆ ನೆನಪಿರುತ್ತಿರಲಿಲ್ಲ. ಮೊದಲ ವಿಂಡೋದಲ್ಲಿ ಪಾತ್ರೆಗಳ ಪಟ್ಟಿ, ಎರಡನೆಯದರಲ್ಲಿ ಒಯ್ದವರ ಹೆಸರು. ಇಷ್ಟೇ ಅವಳ ಪ್ರೋಗ್ರಾಂ.

ಇಷ್ಟೇ ಆದರೂ ಮೊದಲ ದಿನವೇ ಅದು ಕೈಕೊಟ್ಟಿತು. ಸಿಂಧೂರ ಮೀಟಿಂಗ್ ನಡುವೆ ನೀರು ಕುಡಿಯಲು ಹೊರಬಂದಾಗ ಶ್ರದ್ಧಾ ಮನೆಯ ಹಳೆಯ ಲ್ಯಾಪ್‌ಟಾಪಿನ ಪರದೆಯ ಮೇಲಿನ ಕೆಂಪು ಅಕ್ಷರಗಳನ್ನು ನೋಡುತ್ತ ಕೂತಿದ್ದಳು.

"ವೈನಿ, ಬಟನ್ ಒತ್ತಿದ ಕೂಡ್ಲೆ ಇದು ಬರ್ತದ."

ಸಿಂಧೂರ ನಿಂತಲ್ಲಿಂದಲೇ ಬಗ್ಗಿ ಮೌಸ್ ಹಿಡಿದಳು. "ಆಬ್ಜೆಕ್ಟ್ ನಲ್ ಇದೆ, ಖಾಲಿ. ನ್ಯೂ ಹಾಕಿಲ್ಲ ನೀನು. ನೋಡು, ಇಲ್ಲಿ. ಆಯ್ತಾ?"

"ಆತ್ರಿ," ಎಂದಳು ಶ್ರದ್ಧಾ. ವೈನಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಅದೇ ತಪ್ಪು, ಅದೇ ಕೆಂಪು ಅಕ್ಷರ. ಆಚೆ ದಿನ ಪ್ರೋಗ್ರಾಂ ಓಡಿಸಿದೊಡನೆ ವಿಂಡೋ ಕಲ್ಲಿನಂತೆ ನಿಂತುಬಿಟ್ಟಿತು, ಮುಚ್ಚಲೂ ಬರಲಿಲ್ಲ. ಸಿಂಧೂರ ಪ್ರತಿ ಸಲ ಬಂದು, ಬಗ್ಗಿ, ಎರಡು ಸಾಲು ತಿದ್ದಿ ಹೋಗುವಳು. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಹೊರಬಿಡುವ ವಾರವಿದ್ದರೆ ಧ್ವನಿ ಏರುತ್ತಿತ್ತು.

"ನಿನ್ನೆ ಹೇಳಿದ್ನಲ್ಲ ಶ್ರದ್ಧಾ, ಇದನ್ನೇ."

"ಹೇಳಿದ್ರಿ ವೈನಿ. ನೀವು ಭಾಳ ಜಲ್ದಿ ಮಾಡಿದ್ರಿ, ನಂಗ ಕಾಣಲಿಲ್ಲ."

ಇದನ್ನು ಅಡುಗೆಮನೆಯಿಂದ ಕೇಳುವ ಶಿವಗಂಗವ್ವನಿಗೆ ಸೊಸೆ ತನ್ನ ಮಗಳನ್ನು ಕೂಡ್ರಿಸಿ ಬೈಯುತ್ತಾಳೆ ಎಂದೇ ಅನಿಸುತ್ತಿತ್ತು. "ತವರ್ಮನ್ಯಾಗೂ ಬೈಸ್ಕೋಬೇಕಾತು," ಎಂದು ಹಂಚಿಗೆ ಹೇಳುವಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಮಗಳಿಗೆ ಓದು ಬಂತೆಂದು ರೊಟ್ಟಿಯ ಕೆಲಸ ಬಿಡಿಸಿದವಳೂ ಅವಳೇ. ನೋಯುವ ಹೆಗಲಲ್ಲಿ ನಾಲ್ಕು ರೊಟ್ಟಿ ಬಡಿದು ಉಸ್ಸೆಂದು ಕೂಡುವಳು. ಮನೆಯಲ್ಲಿ ಅನ್ನದ ಊಟ ಹೆಚ್ಚಾಯಿತು. ಸಿದ್ದಾರೂಢಪ್ಪ ತಾಟಿನಲ್ಲಿ ಅನ್ನ ಕಂಡು ಒಮ್ಮೆ ಹೆಂಡತಿಯ ಕಡೆ, ಒಮ್ಮೆ ಸೊಸೆಯ ಕಡೆ ನೋಡಿ ಕಲಸತೊಡಗುವನು.

"ಅತ್ತೆ, ಸಂಜೆಗೆ ಚಪಾತಿ ನಾನು ಮಾಡ್ತೀನಿ," ಎಂದಳೊಮ್ಮೆ ಸಿಂಧೂರ.

"ನಿನಗೆಲ್ಲಿ ಪುರಸೊತ್ತು ಅದ? ಬಾಗಿಲಾ ಹಾಕ್ಕೊಂಡು ಇಂಗ್ಲೀಷ ಮಾತಾಡೋದ ಮುಗಿಯಂಗಿಲ್ಲ."

"ಅದು ನನ್ನ ಕೆಲಸ ಅಲ್ವಾ ಅತ್ತೆ?"

"ನಾ ಎಲ್ಲಿ ಅಲ್ಲ ಅಂದೆ?"

ಆ ರಾತ್ರಿ ಸಿಂಧೂರ ಗಂಡನ ಮುಂದೆ ಎಲ್ಲವನ್ನೂ ಸುರಿದಳು. ವಿನೀತ ದಣಿದಿದ್ದ. "ನೀನ ಬರದು ಕೊಟ್ಟುಬಿಡು ಅದನ್ನ," ಎಂದ. "ನಿನಗ ಒಂದ ಮಧ್ಯಾಹ್ನದ ಕೆಲಸ. ಅಕಿ ಪಾಸಾಗ್ತಾಳ, ಅವ್ವ ಸುಮ್ಮನಾಗ್ತಾಳ. ಮನ್ಯಾಗ ಶಾಂತಿ."

"ಅವಳಿಗೆ ಏನು ಬಂದ ಹಾಗಾಯ್ತು?"

"ಮುಂದ ಕಲೀತಾಳ ಬಿಡು."

ಮರುದಿನ ಬೆಳಿಗ್ಗೆ ಅತ್ತೆಯೂ ಚಹಾ ಕೊಡುತ್ತ ಅದನ್ನೇ ಅಂದಳು. "ನಿನಗ ಬರ್ತದ. ಅಕಿಗೆ ಬರವಲ್ದು. ಮಾಡಿ ಕೊಟ್ರ ನಿನ್ನ ಗಂಟೇನು ಹೋಗ್ತದ?" ಶನಿವಾರ ಸಿಂಧೂರ ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಚಹಾದ ಹೊತ್ತಿಗೆ ಪ್ರೋಗ್ರಾಂ ಮುಗಿಸಿಬಿಟ್ಟಳು. ಬಣ್ಣದ ಬಟನುಗಳು, ಹುಡುಕುವ ಜಾಗ, ಎಲ್ಲ ಅಚ್ಚುಕಟ್ಟು. ಅವಳಿಗೇ ಖುಷಿಯಾಯಿತು. ಶ್ರದ್ಧಾ ನೋಡಿದಳು, "ಛಂದ ಆಗ್ಯದ ವೈನಿ" ಎಂದಳು, ಪೆನ್‌ಡ್ರೈವಿಗೆ ಹಾಕಿಕೊಂಡಳು.

ಶಿವರಾತ್ರಿಯ ಆಚೆ ವಾರ ಕ್ಲಾಸಿನಲ್ಲಿ ಮುಂಚಿತವಾಗಿ ಒಮ್ಮೆ ತೋರಿಸುವುದಿತ್ತು. ಅಂದು ಸಿಂಧೂರ ಆಫೀಸಿಗೆ ಹೋಗಿದ್ದಳು. ಸಂಜೆ ಬಂದಾಗ ಮನೆಯಲ್ಲಿ ಟಿವಿ ಸದ್ದಿರಲಿಲ್ಲ. ಶ್ರದ್ಧಾಳ ತಾಟು ಮುಚ್ಚಿಟ್ಟ ಹಾಗೆಯೇ ಇತ್ತು.

"ಏನಾಯ್ತು?" ಎಂದಳು ಸಿಂಧೂರ.

ಶ್ರದ್ಧಾ ನೆಲ ನೋಡುತ್ತ ಹೇಳಿದಳು. "ಕ್ಲಾಸಿನ ಅಮೇಯ ಸರ್ ನೋಡಿ ಭಾಳ ಛಂದ ಅದ ಅಂದ್ರು. ಆಮ್ಯಾಲೆ ಒಯ್ದವರ ಫೋನ್ ನಂಬರೂ ಪಟ್ಟಿಯೊಳಗ ಕಾಣ್ಬೇಕು, ಇಲ್ಲೇ ಮಾಡಿ ತೋರ್ಸು ಅಂದ್ರು. ನಂಗ ಯಾವ ಫೈಲ್ ತಗೀಬೇಕು ಅನ್ನೋದ ತಿಳೀಲಿಲ್ಲ. ಎಲ್ಲಾರೂ ನೋಡ್ಲಿಕತ್ತಿದ್ರು."

"ಬೈದ್ರಾ?"

"ಬೈಲಿಲ್ಲ. ಮರಾಠಿಯೊಳಗ ಮೆಲ್ಲಗ ಕೇಳಿದ್ರು, ಇದನ್ನ ಬರದವರು ಯಾರು ಅಂತ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಗಂಗವ್ವ ಈಗ ಹೊರಬಂದಳು. "ಈಗ ಸಮಾಧಾನ ಆತೇನು? ನಾಕ ಮಂದಿ ಮುಂದ ನಗೆಪಾಟಲಾಗ್ಲಿ ಅಂತ ಬರದು ಕೊಟ್ಟಿ."

ಸಿಂಧೂರಳ ಹೆಗಲ ಮೇಲಿನ ಚೀಲ ಇನ್ನೂ ಇಳಿದಿರಲಿಲ್ಲ. "ಅತ್ತೆ, ನೀವೇ ಹೇಳಿದ್ರಿ, ಇವ್ರೂ ಹೇಳಿದ್ರು. ನನ್ನ ರಜೆ ದಿನ ಕೂತ್ಕೊಂಡು ಬರ್ದಿದ್ದೀನಿ."

"ನಾವು ಓದಲಾರದ ಅಡಾಣಿ ಮಂದಿ ಹೇಳ್ತೀವಿ. ನಿನಗ ತಿಳೀಬೇಕಿಲ್ಲ?"

"ತಿಳಿದೇ ಬೇಡ ಅಂದಿದ್ದೆ ನಾನು. ಬರೀದೆ ಇದ್ರೆ ಬೈದೆ ಅಂತೀರಿ, ಬರ್ದ್ರೆ ಬೇಕಂತ ಬರ್ದೆ ಅಂತೀರಿ. ನಾನೇನು ಮಾಡ್ಲಿ ಹೇಳಿ."

ವಿನೀತ ಆಗಷ್ಟೇ ಬಾಗಿಲು ತೆಗೆದು ಒಳಗೆ ಬಂದವನು ಬೂಟು ಕಳಚದೆ ನಿಂತ. "ಅವ್ವಾ, ಸಾಕು ಮಾಡು," ಎಂದ.

"ನೀ ಸುಮ್ಮನಿರು. ಹೆಂಡತಿ ಕಡೆನ ನೀನು."

"ಅವ್ವಾ, ವೈನಿಗೆ ಬೈಬ್ಯಾಡ," ಎಂದಳು ಶ್ರದ್ಧಾ. "ವೈನಿದು ತಪ್ಪಿಲ್ಲ. ನಂದ ಹಿಂಗ. ಎಲ್ಲಾರೂ ನಂದು ಮಾಡಿ ಕೊಡ್ತಾರ, ನಾ ಇಸ್ಕೊಂಡು ನಿಂದರ್ತೀನಿ."

"ಏನಂತಿ?"

"ಸೊಲ್ಲಾಪುರದಾಗ ನಾ ಭಾಜಿ ತರ್ತೀನಿ ಅಂದ್ರ, ನಿನಗ ತಿಳಿಯಂಗಿಲ್ಲ, ನಾ ತರ್ತೀನಿ ಅಂತಾರ. ಬ್ಯಾಂಕಿಗೆ ಹೋದ್ರ ನನ್ನ ಸಹಿ ಒಂದು ಬಿಟ್ಟು ಎಲ್ಲಾ ಅವರ ಬರೀತಾರ. ಹೊಟ್ಟಿ ನೋವು ಅಂತ ದವಾಖಾನಿಗೆ ಹೋದ್ವಿ. ಎಲ್ಲಿ ನೋಯ್ತದ ಅಂತ ಡಾಕ್ಟರ್ ನನ್ನ ಕೇಳಿದ್ರು. ಅವರು ಹೇಳಿದ್ರು ಉತ್ತರ." ಶ್ರದ್ಧಾ ಸೆರಗಿನಂತೆ ದುಪಟ್ಟಾ ಸುತ್ತಿಕೊಂಡಳು. "ಹೊಡದ್ರ ತವರಿಗೆ ಬಂದು ಹೇಳಾಕ ಬರ್ತದ. ಇದನ್ನ ಬಂದು ನಿನಗ ಏನಂತ ಹೇಳ್ಲಿ ಅವ್ವಾ?"

ಶಿವಗಂಗವ್ವ ಕುರ್ಚಿ ಎಳೆದು ಕೂತು, "ಅದು ಪ್ರೀತಿ ಅಲ್ಲೇನ?" ಎಂದಳು.

"ಇರಬಹುದು. ಆರು ವರ್ಷದಾಗ ನಂಗ ಏನೂ ಬಾರದಂಗ ಆಗ್ಯದ."

ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ. ಸಿದ್ದಾರೂಢಪ್ಪ ತಾನೇ ಎದ್ದು ತಾಟುಗಳನ್ನು ಒಯ್ದು ತೊಳೆದಿಟ್ಟ. ಆ ಮನೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

ಬೆಳಿಗ್ಗೆ ಸಿಂಧೂರ ಎದ್ದು ಬಂದಾಗ ಶ್ರದ್ಧಾ ಆಗಲೇ ಲ್ಯಾಪ್‌ಟಾಪ್ ಮುಂದಿದ್ದಳು. ವೈನಿ ಬರೆದ ಪ್ರೋಗ್ರಾಂ ಅಳಿಸಿಹಾಕಿದ್ದಳು.

"ಸಿಟ್ಟು ಬಂತೇನ್ರಿ?"

"ಇಲ್ಲ," ಎಂದಳು ಸಿಂಧೂರ. ಆ ಬಟನುಗಳ ಬಣ್ಣ ಅವಳು ಮೆಚ್ಚಿ ಆರಿಸಿದ್ದಳು. "ಮತ್ತೆ ಮೊದಲಿಂದ ಮಾಡ್ತೀಯ?"

"ಮಾಡ್ತೀನಿ. ನೀವು ಹತ್ರ ಇರ್ರಿ, ಆದ್ರ ಆ ಕಡೆ ಕೂಡ್ರಿ. ಈ ಕಡೆ ಬರಬ್ಯಾಡ್ರಿ."

ಹೀಗೆ ಊಟದ ಟೇಬಲ್ಲಿನ ಒಂದು ಬದಿಗೆ ಶ್ರದ್ಧಾ, ಪರದೆ ಕಾಣದ ಇನ್ನೊಂದು ಬದಿಗೆ ಸಿಂಧೂರ. ತಪ್ಪು ಬಂದರೆ ಶ್ರದ್ಧಾ ಕೆಂಪು ಅಕ್ಷರಗಳನ್ನು ಗಟ್ಟಿಯಾಗಿ ಓದಬೇಕು, ಸಿಂಧೂರ ಪ್ರಶ್ನೆ ಮಾತ್ರ ಕೇಳಬೇಕು. ಮೊದಮೊದಲು ಸಿಂಧೂರಳಿಗೆ ಇದು ಬಲು ಕಷ್ಟವಾಯಿತು. ಉತ್ತರ ನಾಲಿಗೆಯ ತುದಿಗೆ ಬಂದು ಕೂಡುತ್ತಿತ್ತು. ಕೈ ಸುಮ್ಮನಿರಲೆಂದು ಸೊಪ್ಪು ಸೋಸುತ್ತಿದ್ದಳು, ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆ ವಾರ ಮನೆಯಲ್ಲಿ ಬೆಳ್ಳುಳ್ಳಿ ಚಟ್ನಿ ಡಬ್ಬಿಗಟ್ಟಲೆ ಆಯಿತು.

"ಮತ್ತ ಅದ ಬಂತು ವೈನಿ. ನಲ್ ಅಂತ."

"ಯಾವುದು ನಲ್?"

"ಹಂಡೆ."

"ಹಂಡೆ ಎಲ್ಲಿ ಮಾಡಿದ್ದೀಯ?"

ಶ್ರದ್ಧಾ ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದಳು. ಕುಕ್ಕರ್ ಕೂಗಿ ಇಳಿಯುವ ತನಕ ಹುಡುಕಿದಳು. ಆಮೇಲೆ ನಕ್ಕುಬಿಟ್ಟಳು. "ಹಂಡೆ ಅಂತ ಹೆಸರಿಟ್ಟೀನಿ, ನ್ಯೂ ಅಂತ ಬರದು ಹಂಡೆ ಮಾಡೇ ಇಲ್ಲ. ಇಲ್ಲದ ಹಂಡೇನ ಯಾರಿಗೆ ಕೊಡ್ಲಿ?"

ಆ ತಪ್ಪನ್ನು ಅವಳು ಮತ್ತೆ ಮಾಡಲಿಲ್ಲ ಎಂದಲ್ಲ. ಮಾಡಿದಾಗ ತಾನೇ ಗುರುತು ಹಿಡಿದಳು.

ಸಿಂಧೂರ ರೊಟ್ಟಿ ಕಲಿಯಲು ನಿಂತದ್ದೂ ಇದೇ ದಿನಗಳಲ್ಲಿ. ಶಿವಗಂಗವ್ವ ಕಲಿಸಲು ಒಪ್ಪಿದಳು. ಆದರೆ ಸೊಸೆಯ ಹಿಟ್ಟು ಅಂಚಿನಲ್ಲಿ ಸೀಳತೊಡಗಿದೊಡನೆ, "ತಾ ಇಲ್ಲಿ" ಎಂದು ಕಿತ್ತುಕೊಂಡು ತಾನೇ ಬಡಿಯುವಳು. ಟೇಬಲ್ಲಿನಿಂದ ಶ್ರದ್ಧಾಳ ದನಿ ಬರುವುದು: "ಅವ್ವಾ, ವೈನಿ ಬಡೀಲಿ ಬಿಡು."

"ಹರೀಲಿಕತ್ತದಲ್ಲ ಇಲ್ಲಿ?"

"ಹರೀಲಿ."

ಶಿವಗಂಗವ್ವ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಳು. ರೊಟ್ಟಿ ಮೂರು ಕಡೆ ಹರಿದು, ಒಂದು ಕಡೆ ಸುಟ್ಟು, ಸಿದ್ದಾರೂಢಪ್ಪನ ತಾಟಿಗೆ ಬಂತು. ಅವನು ಅದನ್ನು ಕಡಲೆಹಿಟ್ಟಿನ ಝುಣಕಾದೊಂದಿಗೆ ಪೂರ್ತಿ ತಿಂದು, ಇನ್ನೊಂದು ಕೇಳಿದ.

ಯುಗಾದಿ ಹತ್ತಿರ ಬಂತು. ಪರೀಕ್ಷೆ ಅದರ ಆಚೆ ವಾರ. ಪ್ರೋಗ್ರಾಂ ಬಹುತೇಕ ಮುಗಿದಿತ್ತು, ಒಂದು ತೊಡಕು ಮಾತ್ರ ಬಿಡಲಿಲ್ಲ. ಎರಡನೇ ವಿಂಡೋದಲ್ಲಿ ಹೆಸರು ತುಂಬಿ ಸೇವ್ ಒತ್ತಿದರೆ ಮೊದಲನೆಯದರ ಪಟ್ಟಿಯಲ್ಲಿ ಅದು ಕಾಣಬೇಕು. ಕಾಣುತ್ತಿರಲಿಲ್ಲ. ತಪ್ಪಿದೆ ಎನ್ನುವ ಕೆಂಪು ಅಕ್ಷರವೂ ಬರುತ್ತಿರಲಿಲ್ಲ.

"ಕೆಂಪು ಅಕ್ಷರ ಬಂದ್ರ ಓದಬಹುದು. ಇದು ಸುಮ್ಮನ ಕೂಡ್ತದ ವೈನಿ. ಏನಂತ ಓದ್ಲಿ?"

ಸಿಂಧೂರಳಿಗೆ ಕೇಳಿದಾಗಲೇ ಗೊತ್ತಾಗಿತ್ತು. ಹೊಸಬರೆಲ್ಲ ಬೀಳುವ ಗುಂಡಿ ಅದು. ಅವಳೂ ಒಮ್ಮೆ ಬಿದ್ದವಳೇ. "ನಿನ್ನ ಎರಡನೇ ವಿಂಡೋ ಯಾರಿಗೆ ಹೋಗಿ ಹೇಳ್ತಿದೆ ಅಂತ ನೋಡು," ಎಂದಳು.

"ಮೊದಲನೇದಕ್ಕ."

"ಯಾವ ಮೊದಲನೇದಕ್ಕೆ?"

"ಒಂದ ಅದಲ್ಲ?"

ಸಿಂಧೂರ ತುಟಿ ಕಚ್ಚಿಕೊಂಡು ಬೆಳ್ಳುಳ್ಳಿ ಎಳೆದುಕೊಂಡಳು.

ಹಬ್ಬದ ಹಿಂದಿನ ದಿನ ಮಲ್ಲಿನಾಥ ಬಂದ. ಅತ್ತೆಗೆ ಚಾದರ, ಮಾವನಿಗೆ ಶೇಂಗಾ ಚಟ್ನಿ, ಹೆಂಡತಿಗೆ ಸೀರೆ. ಶಿವಗಂಗವ್ವನ ಮುಖ ಅರಳಿತು. ಹಬ್ಬದ ದಿನ ಬೇವು-ಬೆಲ್ಲ ಹಂಚಿ, ಹೋಳಿಗೆಯ ಊಟಕ್ಕೆ ಎಲ್ಲರೂ ಕೂತರು.

"ಶ್ರದ್ಧಾ, ತುಪ್ಪ ಹಾಕ್ಲೇನು, ಹಾಲೋ?" ಎಂದಳು ತಾಯಿ.

"ಅಕಿಗೆ ಹಾಲ ಸೇರ್ತದ್ರಿ," ಎಂದ ಮಲ್ಲಿನಾಥ.

"ಕ್ಲಾಸ್ ಹೆಂಗ ನಡದದ?" ಎಂದ ಸಿದ್ದಾರೂಢಪ್ಪ, ಮಗಳ ಕಡೆ ನೋಡುತ್ತ.

"ಅಕಿಗೆ ಅದೆಲ್ಲ ತ್ರಾಸಾಗ್ತದ್ರಿ ಮಾವಾ. ನಮ್ಮ ಗೆಳ್ಯಾನ ಮಗ ಇದ್ದಾನ, ಅವನ ಕಡೆ ಎಂಥಾ ಪ್ರೋಗ್ರಾಂ ಬೇಕಾದ್ರೂ ಮಾಡಿಸಿ ಕೊಡ್ತೀನಿ ಅಂತ ಹೇಳೀನಿ."

ಸಿದ್ದಾರೂಢಪ್ಪ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದ. "ನಾ ಅಕಿನ್ನ ಕೇಳೀನ್ರಿ," ಎಂದ.

ಊಟವಾಗಿ ಶ್ರದ್ಧಾ ಪಾತ್ರೆ ತಿಕ್ಕುತ್ತಿದ್ದಳು. ಶಿವಗಂಗವ್ವ ಅಡಿಕೆ ಡಬ್ಬಿಗೆಂದು ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತಳು. ಅವಳ ಹಿಂದೆಯೇ ಬಂದ ಸಿಂಧೂರಳಿಗೂ ಕಂಡಿತು: ಮಲ್ಲಿನಾಥ ಹೆಂಡತಿಯ ಬಟ್ಟೆಗಳನ್ನು ಒಂದೊಂದಾಗಿ ಮಡಿಚಿ, ನೀಟಾಗಿ ಬ್ಯಾಗಿಗೆ ತುಂಬುತ್ತಿದ್ದ.

"ಸಂಜಿ ಗಾಡಿಗೆ ಹೋಗೋದದಲ್ರಿ ಅತ್ತಿ," ಎಂದ ನಗುತ್ತ. "ಅಕಿಗೆ ತ್ರಾಸು ಬ್ಯಾಡ ಅಂತ ನಾನ ತುಂಬೀನಿ."

"ಅಕಿ ಬರ್ತೀನಿ ಅಂದಾಳೇನ್ರಿ?"

"ಕೇಳೋದೇನದರಿ ಅದರಾಗ?"

ಶಿವಗಂಗವ್ವ ಅವನ ಕೈಗಳನ್ನೇ ನೋಡಿದಳು. ಆಮೇಲೆ ಹಾಸಿಗೆಯ ಅಂಚಿಗೆ ಕೂತು, ಬ್ಯಾಗಿನಿಂದ ಮೇಲಿನ ಸೀರೆಯನ್ನು ತೆಗೆದಳು. ಅದರ ಕೆಳಗಿನದನ್ನೂ ತೆಗೆದಳು. "ಇಡ್ರಿ," ಎಂದಳು. "ಅಕಿ ಅರಿವಿ ಅಕಿನ ತುಂಬಲಿ, ತುಂಬೋದಿದ್ರ."

ಶ್ರದ್ಧಾ ಕೈ ಒರೆಸುತ್ತ ಬಂದಳು. ಗಂಡನ ಮುಖ, ತಾಯಿಯ ಮಡಿಲಿನ ಸೀರೆ, ಎರಡನ್ನೂ ನೋಡಿದಳು. "ಮುಂದಿನ ವಾರ ಪರೀಕ್ಷಾ ಅದ. ನಾ ಈಗ ಬರಂಗಿಲ್ರಿ."

"ನಾ ನಿನಗ ಏನ ಕಡಿಮಿ ಮಾಡೀನಿ?" ಮಲ್ಲಿನಾಥನ ಕಣ್ಣಲ್ಲಿ ನೀರಾಡಿತು. ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ.

"ಏನೂ ಕಡಿಮಿ ಮಾಡಿಲ್ರಿ. ಸ್ವಲ್ಪ ಕಡಿಮಿ ಮಾಡ್ರಿ ಅಂತೀನಿ."

ಮಲ್ಲಿನಾಥ ಒಬ್ಬನೇ ಹೋದ. ವಿನೀತ ಸ್ಟೇಷನ್ನಿಗೆ ಬಿಟ್ಟು ಬಂದು, "ದಾರ್‍ಯಾಗ ಕಣ್ಣು ಒರಸ್ಕೊಂಡ್ರು" ಎಂದ. ಮನೆಯಲ್ಲಿ ಹಬ್ಬದ ಸಂಜೆ ಸಪ್ಪೆಯಾಗಿ ಇಳಿಯಿತು. ಶ್ರದ್ಧಾ ಸ್ವಲ್ಪ ಹೊತ್ತು ಅತ್ತಳು, ಮುಖ ತೊಳೆದುಕೊಂಡು ಬಂದು ಟೇಬಲ್ಲಿಗೆ ಕೂತಳು. ಸಿಂಧೂರಳೂ ಎದುರಿಗೆ ಬಂದು ಕೂತಳು.

"ವೈನಿ," ಎಂದಳು ಶ್ರದ್ಧಾ ಒಂದು ಸಾಲಿನ ಮೇಲೆ ಬೆರಳಿಟ್ಟು. "ನಾ ಇಲ್ಲಿ ಮತ್ತೊಮ್ಮೆ ನ್ಯೂ ಬರದೀನಿ. ಅಂದ್ರ ಹೊಸಾ ವಿಂಡೋ ಒಂದು ಆಗ್ತದ, ಅಲ್ಲ? ಅದನ್ನ ತೋರ್ಸು ಅಂತ ನಾ ಹೇಳಿಲ್ಲ, ಅದಕ್ಕ ಯಾರಿಗೂ ಕಾಣಂಗಿಲ್ಲ. ಹೆಸರು ಹೋಗಿ ಅದರಾಗ ಕೂಡ್ಲಿಕತ್ತದ. ತೆರದಿದ್ದ ವಿಂಡೋಕ್ಕ ಸುದ್ದೀನ ಇಲ್ಲ."

"ಹಾಗಾದ್ರೆ?"

"ಹೊಸಾದು ಮಾಡಬಾರ್ದು. ತೆರದಿದ್ದದ್ದನ್ನ ಇದರ ಕೈಗೆ ಕೊಡಬೇಕು."

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಸೇವ್ ಒತ್ತಿದಳು. "ಅಪ್ಪಾ, ಬಾ ಇಲ್ಲಿ," ಎಂದು ಕರೆದಳು. ಸಿದ್ದಾರೂಢಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದ: ದೊಡ್ಡ ಹಂಡೆ, ಒಯ್ದವರು ಸಿದ್ದಾರೂಢ. "ನಾ ಎಲ್ಲಿ ಒಯ್ದೀನಿ ಅದನ್ನ?" ಎಂದ. ಆ ಸಂಜೆ ಮನೆಯಲ್ಲಿ ನಗು ಕೇಳಿಸಿದ್ದು ಅದೊಂದೇ ಸಲ.

ಪರೀಕ್ಷೆಯ ದಿನ ಅಮೇಯ ಸರ್ ಮತ್ತೆ ಒಂದು ಬದಲಾವಣೆ ಕೇಳಿದರು. ಶ್ರದ್ಧಾ ಎರಡು ಸಲ ತಪ್ಪಿದಳು, ಉಳಿದವರೆಲ್ಲ ಮುಗಿಸಿ ಎದ್ದರು, ಪರೀಕ್ಷಕರು ಗಡಿಯಾರ ನೋಡಿಕೊಂಡರು. ಕೊನೆಗೆ ಮಾಡಿದಳು. ಪಾಸಾದಳು. ಭೋಸರಿಯ ಸ್ಟೋರಿನ ಕೆಲಸಗಳು ಅವಳಿಗಿಂತ ಚುರುಕಾದವರಿಗೆ ಹೋದವು. ಅವಳಿಗೆ ಸಿಕ್ಕದ್ದು ಬೇರೆ: ಹೊಸ ಬ್ಯಾಚಿನವರ ಸಂಶಯ ಬಿಡಿಸಲು ಸಂಜೆ ಕ್ಲಾಸಿನಲ್ಲಿ ಕೂಡುವ ಕೆಲಸ. ಪಗಾರ ದೊಡ್ಡದಲ್ಲ.

"ಇದೂ ನೌಕರಿನ ಏನು?" ಎಂದಳು ಶಿವಗಂಗವ್ವ.

"ನೌಕರಿನ ಅವ್ವಾ."

ಮಲ್ಲಿನಾಥ ಆಗಾಗ ಫೋನ್ ಮಾಡುತ್ತಿದ್ದ. ಮೊದಲೆಲ್ಲ ವಿನೀತನಿಗೆ ಮಾಡುತ್ತಿದ್ದವನು ಈಚೆಗೆ ಶ್ರದ್ಧಾಳಿಗೇ ಮಾಡತೊಡಗಿದ್ದ. ಒಮ್ಮೊಮ್ಮೆ ಮಾತು ಬೇಗ ಮುಗಿಯುತ್ತಿತ್ತು, ಒಮ್ಮೊಮ್ಮೆ ಇಲ್ಲ. ಏನೆಂದನೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಉಮಾವತಿ ಎಂಬ ಹೆಂಗಸು ಲ್ಯಾಪ್‌ಟಾಪ್ ಚೀಲ ಹೊತ್ತು ಮನೆಗೆ ಬಂದಳು. ಉಡುಪಿಯ ಕಡೆಯವಳು, ಥೇರಗಾಂವದಲ್ಲಿ ಅವರದು ಹೋಟೆಲು. ಮಕ್ಕಳು ದೊಡ್ಡವರಾದ ಮೇಲೆ ಕ್ಲಾಸಿಗೆ ಸೇರಿದ್ದಳು. ಶ್ರದ್ಧಾಳ ಪಕ್ಕ ಕೂತು ಎರಡು ಲೋಟ ಚಹಾ ಮುಗಿಸಿದರೂ ಅವಳ ಬಟನ್ ಕೆಲಸ ಮಾಡಲಿಲ್ಲ.

"ನನ್ನ ತಲೆಗೆ ಹೋಗುವುದಿಲ್ಲ ಮಾರಾಯ್ರೆ. ನೀವೇ ಒಮ್ಮೆ ಬರ್ದು ಕೊಡಿ. ಕಲಿಯುವುದು ಆಮೇಲೆ ಕಲೀತೇನೆ."

ಸಿಂಧೂರ ಒಳಗೆ ಒಗೆದ ಬಟ್ಟೆ ಮಡಿಚುತ್ತಿದ್ದವಳು ಕೈ ನಿಲ್ಲಿಸಿದಳು.

"ಬರದು ಕೊಡಂಗಿಲ್ರಿ," ಎಂದಳು ಶ್ರದ್ಧಾ. "ನೀವು ಮುಗಿಸೂ ತನಕ ಬಾಜೂಕ ಕೂಡ್ತೀನಿ. ನಂಗೇನ್ ಅವಸರ ಇಲ್ಲ."

ಉಮಾವತಿ ಅವಳ ಮುಖ ನೋಡಿದಳು, ನಿಟ್ಟುಸಿರು ಬಿಟ್ಟಳು, ಕನ್ನಡಕ ಏರಿಸಿಕೊಂಡು ಮತ್ತೆ ಮೊದಲ ಸಾಲಿನಿಂದ ಓದತೊಡಗಿದಳು.

ಅಡುಗೆಮನೆಯಿಂದ ಶಿವಗಂಗವ್ವ ಕತ್ತು ಚಾಚಿದಳು. "ಇವರು ಊಟಕ್ಕ ಇಲ್ಲೇ ಇರ್ತಾರೇನ?"

ಶ್ರದ್ಧಾ ಪರದೆಯ ಕಡೆ ಬಗ್ಗಿ ಒಮ್ಮೆ ಅಂದಾಜು ಮಾಡಿದಳು. "ಇರ್ತಾರವ್ವಾ. ಭಾಳ ಅದ ಇನ್ನೂ."

ಶಿವಗಂಗವ್ವ ಒಳಗೆ ಹೋಗಿ ಇನ್ನೆರಡು ಹಿಡಿ ಹಿಟ್ಟು ಹಾಕಿದಳು.